ಅತ್ತಿಗೆಗೆಂದೇ ಮಾಡಿಸಿದ ಬಚ್ಚಲು

ಬಚ್ಚಲನ್ನು ನಮ್ಮ ಸುಖಕ್ಕೆ ಹೊಸದು ಮಾಡಿಸಿದೆವೆಂದು ನಾನು ಕೇಳಿದವರಿಗೆಲ್ಲ ಹೇಳಿದ್ದೇನೆ. ಅದು ಸುಳ್ಳು. ಮಾಡಿಸಿದ್ದು ನನ್ನ ಗಂಡನ ಅಕ್ಕನ ಮೇಲಿನ ಸಿಟ್ಟಿಗೆ.

ಮುಂಬಯಿ ಪಕ್ಕದ ಡೊಂಬಿವಲಿಯ ಈ ಫ್ಲ್ಯಾಟ್ ಮಾವ ಕೊಂಡದ್ದು. ಎರಡನೇ ಮಹಡಿ, ಲಿಫ್ಟ್ ಇಲ್ಲ. ಬಚ್ಚಲು ಅವರು ಬಿಟ್ಟುಹೋದಂತೆಯೇ ಇತ್ತು. ಸೊಂಟದೆತ್ತರಕ್ಕೆ ಗುಲಾಬಿ ಟೈಲ್ಸು, ಅದರ ಮೇಲೆ ಹಪ್ಪಳದಂತೆ ಎದ್ದ ನೀಲಿ ಬಣ್ಣ, ಬುಡ ತುಕ್ಕು ತಿಂದ ತಗಡಿನ ಬಾಗಿಲು. ನೆಲದ ಕಲ್ಲು ಎಷ್ಟು ತಿಕ್ಕಿದರೂ ಜಾರುತ್ತಿತ್ತು. ಅತ್ತಿಗೆ ಮದುವೆಯಾಗುವವರೆಗೆ ಮಿಂದದ್ದು ಇದೇ ಬಚ್ಚಲಲ್ಲಿ. ನೆರೂಳಿನ ಗಂಡನ ಮನೆಗೆ ಹೋದ ಮೇಲೆ ಅದನ್ನು ಅವರು ಮರೆತರು.

ಮಗಳ ಸೀಮಂತದ ದಿನ ಮನೆ ತುಂಬ ಜನ. ಮಗಳ ಅತ್ತೆ ನನ್ನ ಹತ್ತಿರ ಬಂದು, ಬಾತ್‌ರೂಮ್ ಎಲ್ಲಿ ಎಂದು ಮೆಲ್ಲಗೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಅವರ ಕೈ ಹಿಡಿದಾಗಿತ್ತು.

“ಇಲ್ಲಿ ಬೇಡ ಮಾರಾಯ್ರೆ, ಕಾಲು ಜಾರೀತು. ನಾನೂ ಇಲ್ಲಿ ಹೋಗುವುದಿಲ್ಲ. ಬನ್ನಿ, ಎದುರು ಮನೆಯಲ್ಲಿ ಕ್ಲೀನ್ ಉಂಟು.”

ಹಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆಯೇ ಹೇಳಿದರು. ಎದುರು ಮನೆಯ ಮರಾಠಿ ಹೆಂಗಸು, ನಮ್ಮೆಲ್ಲರ ಕಾಕು, ಪಾಪ, ಸಂತೋಷದಿಂದಲೇ ಬಾಗಿಲು ತೆರೆದರು. ನನ್ನ ಬೀಗಿತ್ತಿ ಸೆರಗು ಎತ್ತಿ ಹಿಡಿದು ನಮ್ಮ ಹೊಸ್ತಿಲು ದಾಟಿ ಅಲ್ಲಿಗೆ ಹೋದದ್ದನ್ನು ನಾನು ಹೋಳಿಗೆಯ ತಟ್ಟೆ ಹಿಡಿದು ನೋಡುತ್ತ ನಿಂತೆ. ಮಗಳು ತಲೆ ತಗ್ಗಿಸಿದಳು. ಅವಳ ತಲೆ ತಗ್ಗಿದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು.

ಎರಡು ವರ್ಷ ಈ ಉರಿಯನ್ನು ಜೋಪಾನ ಮಾಡಿದೆ. ಹಳೆಯ ಫ್ರಿಜ್ಜಿನಲ್ಲೇ ಇನ್ನಷ್ಟು ದಿನ ದೂಡಿದೆ. ಠಾಣೆಯ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ನನ್ನ ಗಂಡನಿಗೆ ದೀಪಾವಳಿಯ ಬೋನಸ್ ಬಂದ ದಿನ, “ಬಚ್ಚಲು ಮಾಡಿಸುವ” ಎಂದೆ.

“ಈಗ ಯಾರಿಗೆ ತೋರಿಸ್ಲಿಕ್ಕೆ?”

“ನಿಮ್ಮ ಅಕ್ಕನಿಗೆ.”

ಅವರು ಬೋನಸ್ಸಿನ ಲಕೋಟೆಯನ್ನು ನನ್ನ ಕೈಗಿಟ್ಟರು.

ಪರಿಚಯದವರೊಬ್ಬರು ಕಲಬುರಗಿ ಕಡೆಯ ಒಬ್ಬ ಗೌಂಡಿಯನ್ನು ಕಳಿಸಿದರು. ಆತ ಬಂದು ಗೋಡೆಯನ್ನೆಲ್ಲ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ.

“ಹಳೀ ಫರ್ಶಿ ಕೀಳೂದು ಬ್ಯಾಡ್ರಿ ಅಕ್ಕಾರ. ಗಟ್ಟಿ ಅದಾವ. ಕಿತ್ರ ಖರ್ಚೂ ಹೆಚ್ಚು, ತಳಗಿನ ಮನಿಯವರ ಜೋಡಿ ಜಗಳಾನೂ ಹೆಚ್ಚು. ಇದರ ಮ್ಯಾಲೇ ಹೊಸಾವು ಕೂಡಿಸ್ತೀನಿ.”

ಆತ ಹೇಳಿದಂತೆಯೇ ನಡೆದೆ. ಕಲ್ಯಾಣದ ಅಂಗಡಿಗಳಲ್ಲಿ ಮಾರಿ ಉಳಿದ ಟೈಲ್ಸಿನ ಪೆಟ್ಟಿಗೆಗಳನ್ನು ಹುಡುಕುತ್ತ ಮೂರು ದಿನ ತಿರುಗಿದೆ. ಒಂದೇ ಬಣ್ಣದವು ಸಾಕಷ್ಟು ಸಿಗಲಿಲ್ಲ. ಅರ್ಧ ಬಿಳಿ, ಅರ್ಧ ತಿಳಿಹಸಿರು ತಂದೆ. ಗೌಂಡಿ ಅವನ್ನು ನೆಲದ ಮೇಲೆ ಹರಡಿ, ನೋಡಿ, ಬಿಳಿಯದನ್ನು ಕೆಳಗೆ, ಹಸಿರನ್ನು ಮೇಲೆ ಕೂರಿಸಿದ. ಬೇಕೆಂದೇ ಆರಿಸಿ ತಂದಂತೆ ಕಂಡಿತು. ನೆಲಕ್ಕೆ ಕಾಲು ಜಾರದ ಒರಟು ಕಲ್ಲು ಹಾಸಿದ. ಪೈಪುಗಳನ್ನು ಮುಟ್ಟಲಿಲ್ಲ. ಹಿತ್ತಾಳೆಯ ನಲ್ಲಿಗಳನ್ನು ಹುಣಸೆಹುಳಿ ಹಾಕಿ ನಾನೇ ತಿಕ್ಕಿ ಹೊಳೆಯಿಸಿದೆ. ಟೈಲ್ಸಿನ ಸಂದಿಗಳಿಗೆ ಬಿಳಿ ಸಿಮೆಂಟನ್ನೂ ನಾನೇ ತುಂಬಿದೆ. ಆದರೆ ಒಂದು ವಿಷಯದಲ್ಲಿ ಮಾತ್ರ ಖರ್ಚಿಗೆ ಕೈ ಬಿಗಿ ಹಿಡಿಯಲಿಲ್ಲ. ಅತ್ತಿಗೆಗೆ ಮಂಡಿನೋವು, ಕುಕ್ಕರುಗಾಲಲ್ಲಿ ಕೂರಲು ಆಗುವುದಿಲ್ಲ. ಮೂಲೆಯಲ್ಲಿದ್ದ ನೆಲಮಟ್ಟದ ಹಳೆಯ ಕಕ್ಕಸನ್ನು ತೆಗೆಸಿ ಕುಳಿತುಕೊಳ್ಳುವ ಕಮೋಡ್ ಹಾಕಿಸಿದೆ. ಗೋಡೆಗೆ ಹಿಡಿದು ಏಳಲು ಸ್ಟೀಲಿನ ಹಿಡಿ ಹಾಕಿಸಿದೆ. ಅವರಿಗೆ ಒಂದು ನೆಪವೂ ಉಳಿಯಬಾರದಿತ್ತು.

ಕೆಲಸ ನಡೆದ ಐದು ದಿನವೂ ನಾವು ಕಾಕುವಿನ ಮನೆಗೇ ಹೋದೆವು. ಟವೆಲು, ಸೋಪು ಹಿಡಿದು ಅವರ ಬೆಲ್ ಒತ್ತಿದಾಗಲೆಲ್ಲ ನನ್ನ ಸಿಟ್ಟು ಮತ್ತಷ್ಟು ಹದಕ್ಕೆ ಬಂತು.

ಆಮೇಲೆ ಸತ್ಯನಾರಾಯಣ ಪೂಜೆ ಇಟ್ಟುಕೊಂಡೆ. ಕಾಕು ಬದಲಾಪುರದ ಮಗಳ ಮನೆಗೆ ಹೋಗುವ ಭಾನುವಾರವನ್ನೇ ಆರಿಸಿದೆ. ಅತ್ತಿಗೆ ಬಾಡಿಗೆ ಕಾರಿನಲ್ಲಿ ಒಬ್ಬರೇ ಬಂದರು. ಬಂದ ಕೂಡಲೇ ಪಾನಕ ಕೊಟ್ಟೆ. ಪೂಜೆಯ ನಡುವೆ ಎಳನೀರು ಕೊಟ್ಟೆ. ಊಟಕ್ಕೆ ಮಜ್ಜಿಗೆ ಎರಡು ಸಲ ಬಡಿಸಿದೆ. ಊಟವಾದ ಮೇಲೆ ಕಾಫಿ.

“ಅತ್ತಿಗೆ, ಬಚ್ಚಲು ಹೊಸದು ಮಾಡಿಸಿದ್ದೇವೆ. ನೋಡ್ತೀರಾ?”

“ಹೌದಾ? ಒಳ್ಳೆದಾಯ್ತು” ಎಂದರು. ಕುರ್ಚಿಯಿಂದ ಏಳಲಿಲ್ಲ. ನನ್ನ ಲೆಕ್ಕಾಚಾರ ಅವರಿಗೆ ಅರ್ಥವಾಗಿತ್ತು ಎಂದು ಈಗಲೂ ನಂಬಿದ್ದೇನೆ. ನನ್ನ ಮುಖವನ್ನೇ ನೋಡುತ್ತ ಇನ್ನೊಂದು ಲೋಟ ಮಜ್ಜಿಗೆ ಕೇಳಿ ಕುಡಿದರು. ನಾಲ್ಕು ಗಂಟೆಗೆ ಪ್ರಸಾದ ಕಟ್ಟಿಸಿಕೊಂಡು ಹೊರಟೇಹೋದರು. ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕಿದೆ.

ಮುಕ್ಕಾಲು ಗಂಟೆಯ ಮೇಲೆ ಮೆಟ್ಟಿಲಲ್ಲಿ ಏದುಸಿರು ಕೇಳಿತು. ಬಾಗಿಲ ಕಿಂಡಿಯಲ್ಲಿ ಕಣ್ಣಿಟ್ಟೆ. ಅತ್ತಿಗೆ! ಅವರು ಬಂದವರೇ ಒತ್ತಿದ್ದು ಎದುರು ಮನೆಯ ಬೆಲ್ಲನ್ನು. ಆಮೇಲೆ ಬೀಗ ಕಂಡರು. ಆ ಬೀಗದ ಮುಂದೆ ಅವರು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತದ್ದನ್ನು ನಾನು ಉಸಿರು ಹಿಡಿದು ನೋಡಿದೆ. ಕೊನೆಗೆ ನಮ್ಮ ಬೆಲ್ ಒತ್ತಿದರು.

“ಬಂದೆ, ಬಂದೆ” ಎಂದೆ. ಹೋಗಲಿಲ್ಲ. ಕೈ ತೊಳೆದೆ. ಒರೆಸಿಕೊಂಡೆ. ಬೆಲ್ ಮತ್ತೆರಡು ಸಲ ಆಯಿತು. ಒಳಗಿನಿಂದ ಗಂಡ, “ಯಾರು ನೋಡಬಾರದಾ?” ಎಂದು ಗದರಿದ ಮೇಲೆ ಬಾಗಿಲು ತೆರೆದು, ಅಡ್ಡವಾಗಿಯೇ ನಿಂತೆ.

“ಏನು ಅತ್ತಿಗೆ, ಏನಾದ್ರೂ ಬಿಟ್ಟು ಹೋದ್ರಾ?”

“ಶಿಳ್‌ಫಾಟಾ ಹತ್ತಿರ ಟ್ರಾಫಿಕ್ ಜಾಮ್, ಗಾಡಿ ಒಂದು ಇಂಚು ಹಂದುವುದಿಲ್ಲ. ವಾಪಸ್ ತಿರುಗಿಸಿದೆ. ಸರಿ ಸ್ವಲ್ಪ.”

“ಕಾಫಿ ಮಾಡ್ಲಾ?”

“ಕಾಫಿ ಬೇಡ ಮಾರಾಯ್ತಿ!” ಅವರ ಹಣೆಯಲ್ಲಿ ಬೆವರಿತ್ತು. “ನನಗೆ ಬಾತ್‌ರೂಮಿಗೆ ಹೋಗ್ಬೇಕು.”

ಎರಡು ವರ್ಷ ಕಾದದ್ದು ಆ ಒಂದು ವಾಕ್ಯಕ್ಕೆ. ಆಗ ಸರಿದು ನಿಂತೆ. “ಹೋಗಿ. ನೋಡಿಕೊಂಡು ಅತ್ತಿಗೆ, ಕಾಲು ಜಾರೀತು.”

ಅವರು ಒಮ್ಮೆ ನನ್ನನ್ನು ನೋಡಿದರು. ನಂತರ ಓಡಿದರು.

ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದರು, ಸೀರೆ ಸರಿ ಮಾಡಿಕೊಂಡಿದ್ದರು. ಮೆಚ್ಚಿದರೂ ಸರಿ, ಅತ್ತರೂ ಸರಿ ಎಂದು ನಾನು ಕಾದು ನಿಂತಿದ್ದೆ.

“ಫ್ಲಶ್‌ನಲ್ಲಿ ನೀರಿಗೆ ಫೋರ್ಸ್ ಇಲ್ಲ” ಎಂದರು. ಹೊರಟರು.

ಫೋರ್ಸ್ ಇಲ್ಲದಿದ್ದದ್ದು ನಿಜವೇ. ಗಂಡ ಸೋಫಾದಲ್ಲಿ ಬಿದ್ದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಅವರೊಂದಿಗೆ ಎರಡು ದಿನ ಮಾತು ಬಿಟ್ಟೆ.

ಮುಂದಿನ ತಿಂಗಳು ಅತ್ತಿಗೆಯ ಫೋನು. ಅವರ ಮನೆಯ ಬಾತ್‌ರೂಮೂ ಹಳತಾಯಿತಂತೆ, ನಮ್ಮ ಗೌಂಡಿ ಬೇಕಂತೆ. ನಂಬರ್ ಕೊಟ್ಟೆ. ಕೊಟ್ಟವಳೇ ಗೌಂಡಿಗೆ ಫೋನ್ ಮಾಡಿದೆ.

“ಅಲ್ಲಿ ಅವಸರ ಮಾಡ್ಬೇಡ ಆಯ್ತಾ. ಐದು ದಿನದ ಕೆಲಸ ಹದಿನೈದು ದಿನ ಮಾಡು.”

“ಅಯ್ಯ, ನನಗ ಬ್ಯಾರೆ ಕೆಲಸ ಇಲ್ಲೇನ್ರಿ ಅಕ್ಕಾರ? ರಬಾಳ್ಯಾಗ ಇನ್ನೊಂದು ಒಪ್ಕೊಂಡೀನಿ” ಎಂದ.

ಅವನು ಆರೇ ದಿನದಲ್ಲಿ ಮುಗಿಸಿದ. ಆದರೆ ಆ ಆರು ದಿನ ಅತ್ತಿಗೆ ಎಲ್ಲಿರಬೇಕು? ಬ್ಯಾಗು ಹಿಡಿದು ನಮ್ಮಲ್ಲಿಗೇ ಬಂದರು. ದಿನಾ ಬೆಳಿಗ್ಗೆ ಒಂದು ಗಂಟೆ ಹೊತ್ತು ನನ್ನ ಬಚ್ಚಲಿನೊಳಗೆ. ಹೊರಗೆ ಗಂಡ ಟವೆಲು ಹೆಗಲಿಗೆ ಹಾಕಿಕೊಂಡು ಲೋಕಲ್ ಟ್ರೈನಿನ ಟೈಮು ನೋಡುತ್ತ ಶತಪಥ ತುಳಿಯುತ್ತಿದ್ದರು. ಒಳಗೆ ಬಿಸಿನೀರು ಧಾರಾಳವಾಗಿ ಸುರಿಯುವ ಸದ್ದು, ನಡುನಡುವೆ ದೇವರನಾಮ. ನಾನು ಹಾಕಿಸಿದ ಹಿಡಿಯನ್ನು ಹಿಡಿದೇ ಅವರು ಏಳುತ್ತಿದ್ದರು. ಅದರ ಬಗ್ಗೆ ಒಂದು ಮಾತಿಲ್ಲ. ಫ್ಲಶ್ಶಿನ ಬಗ್ಗೆ ಮಾತ್ರ ದಿನಕ್ಕೊಂದು ಮಾತು.

ಏಳನೆಯ ದಿನ ಅವರ ಬ್ಯಾಗನ್ನು ನಾನೇ ಕೆಳಗೆ ಇಳಿಸಿದೆ. ಇನ್ನೆರಡು ದಿನ ಇರಿ ಎಂಬ ಮಾತು ಬಾಯಿತುದಿಗೂ ಬರಲಿಲ್ಲ.

“ಒಮ್ಮೆ ನಮ್ಮಲ್ಲಿಗೆ ಬಾ, ಹೊಸ ಬಾತ್‌ರೂಮ್ ನೋಡ್ಲಿಕ್ಕೆ” ಎಂದರು, ಕಾರಿನ ಗಾಜು ಇಳಿಸಿ.

“ಬರ್ತೇನೆ ಅತ್ತಿಗೆ.”

ಇನ್ನೂ ಹೋಗಿಲ್ಲ. ಅಲ್ಲಿ ಏನು ಹೇಳಬೇಕೆಂದು ಮಾತ್ರ ಪಾತ್ರೆ ತೊಳೆಯುವಾಗಲೆಲ್ಲ ಯೋಚಿಸುತ್ತೇನೆ. ಮೂರು ವಾಕ್ಯ ಸಿದ್ಧವಾಗಿವೆ. ಯಾವುದು ಹೆಚ್ಚು ನಾಟುತ್ತದೆ ಎಂದು ನಿರ್ಧಾರವಾಗಿಲ್ಲ.