ಕರೆಂಟ್ ಕಾರಿನಲ್ಲಿ ಹೋದ ಚಾಕಿ ಹುಳು

2023ರ ಬೇಸಿಗೆಯಲ್ಲಿ ನಾನು ಮಾಲೂರು ತಾಲ್ಲೂಕಿನಲ್ಲಿ ರೇಷ್ಮೆ ವಿಸ್ತರಣಾಧಿಕಾರಿಯಾಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ. ಹುಳು ಸತ್ತ ಕೇಸುಗಳನ್ನು ಎಷ್ಟೋ ನೋಡಿದ್ದೆ, ಆದರೆ ಒಂದು ಕಾರನ್ನೇ ಆರೋಪಿಯಾಗಿ ನಿಲ್ಲಿಸಿದ ಕೇಸು ಅದೊಂದೇ. ಇವತ್ತಿಗೂ ಅದನ್ನು ಹೇಳಲು ಕೂತರೆ ನನ್ನ ದನಿ ತಾನಾಗಿ ಏರುತ್ತದೆ, ಮನೆಯವರು ನಗುತ್ತಾರೆ.

ಮೊದಲು ಚಾಕಿ ಎಂದರೇನು ಎಂದು ಹೇಳಿಬಿಡುತ್ತೇನೆ. ಮೊಟ್ಟೆಯಿಂದ ಹೊರಬಂದ ರೇಷ್ಮೆ ಹುಳು ಇರುವೆಗಿಂತ ಚಿಕ್ಕದು. ಮೊದಲ ಎಂಟು ಹತ್ತು ದಿನದ ಈ ಮರಿ ಹುಳುವೇ ಚಾಕಿ, ಅದನ್ನು ಸಾಕುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಅದಕ್ಕೇ ಚಾಕಿ ಕೇಂದ್ರಗಳಿವೆ. ಹುಳು ಪೊರೆ ಬಿಡುವ ಮುಂಚೆ ಹಿಪ್ಪುನೇರಳೆ ಸೊಪ್ಪು ತಿನ್ನುವುದನ್ನು ಬಿಟ್ಟು ತಲೆಯೆತ್ತಿ ಸುಮ್ಮನಾಗುತ್ತದೆ. ಇದನ್ನು ನಮ್ಮ ಕಡೆ ಜ್ವರ ಎನ್ನುತ್ತೇವೆ, ಕಾಯಿಲೆಯಲ್ಲ. ಎರಡನೇ ಜ್ವರದಲ್ಲಿರುವಾಗಲೇ ಹುಳುಗಳನ್ನು ತಟ್ಟೆಗಳಲ್ಲಿ ಜೋಡಿಸಿ ರೈತರ ಮನೆಗೆ ತಲುಪಿಸಬೇಕು. ದಾರಿಯಲ್ಲಿ ತಾಪ 28 ಡಿಗ್ರಿ ದಾಟಬಾರದು, ಹೊಗೆ, ವಾಸನೆ, ಔಷಧಿ ಯಾವುದೂ ಸೋಕಬಾರದು.

ಮಾಸ್ತಿಯ ಹತ್ತಿರ ಲಕ್ಷ್ಮಮ್ಮ ಮತ್ತು ಅವರ ಸೊಸೆ ಸುಮಾ ಇಂಥದ್ದೊಂದು ಕೇಂದ್ರ ನಡೆಸುತ್ತಿದ್ದರು. ಹುಳುವಿನ ಕೆಲಸ ಅತ್ತೆಯದು, ವ್ಯವಹಾರ ಮತ್ತು ಸ್ಟಿಯರಿಂಗ್ ಸೊಸೆಯದು. ಲಕ್ಷ್ಮಮ್ಮನ ಶಿಸ್ತಿಗೆ ನಾನೇ ಹೆದರುತ್ತಿದ್ದೆ. ಒಮ್ಮೆ ಮಲ್ಲಿಗೆ ಮುಡಿದು ಹೋಗಿದ್ದಕ್ಕೆ, ಅಧಿಕಾರಿ ಎಂಬುದನ್ನೂ ನೋಡದೆ ನನ್ನನ್ನು ಹುಳು ಮನೆಯ ಹೊಸ್ತಿಲಲ್ಲೇ ನಿಲ್ಲಿಸಿದ್ದರು. ಅಲ್ಲಿಯವರೆಗೆ ಅವರು ತಟ್ಟೆಗಳನ್ನು ಕಳಿಸುತ್ತಿದ್ದುದು ಬಾಡಿಗೆಯ ಪೆಟ್ರೋಲ್ ವ್ಯಾನಿನಲ್ಲಿ. ಅದರ ಇಂಜಿನ್ ಮುಂದಿನ ಸೀಟುಗಳ ಕೆಳಗೇ ಇತ್ತು. ಶಾಖ, ಪೆಟ್ರೋಲ್ ವಾಸನೆ ಎರಡೂ ಒಳಗೇ.

ಆ ಏಪ್ರಿಲ್‌ನಲ್ಲಿ ಸುಮಾ ಎಲೆಕ್ಟ್ರಿಕ್ ಕಾರು ಕೊಂಡಳು. ಹಿಂದಿನ ಸೀಟು ಮಡಚಿದರೆ ನೆಲವೆಲ್ಲ ಸಪಾಟು. ಬ್ಯಾಟರಿ ನೆಲದಡಿಯಲ್ಲಿ ಹರಡಿಕೊಂಡಿರುವುದರಿಂದ ಭಾರ ತಳದಲ್ಲಿದ್ದು ತಿರುವಿನಲ್ಲಿ ತಟ್ಟೆ ಅಲುಗಾಡುವುದಿಲ್ಲ. ಗಾಡಿ ನಿಂತಿದ್ದರೂ ಎ.ಸಿ. ಓಡುತ್ತದೆ. "ಕೊಳ್ಳೋವಾಗ ಪೆಟ್ರೋಲ್ ಕಾರಿಗಿಂತ ಜಾಸ್ತಿನೇ ಮೇಡಮ್. ಆದ್ರೆ ವಾರಕ್ಕೆ ನಾಲ್ಕು ಟ್ರಿಪ್ ಓಡ್ಸೋರಿಗೆ ವಾಪಸ್ ಬರುತ್ತೆ" ಎಂದಳು. ನಾನು ಹನ್ನೊಂದು ವರ್ಷದಿಂದ ಒಂದೇ ಪೆಟ್ರೋಲ್ ಕಾರು ಓಡಿಸುತ್ತಿದ್ದವಳು. ಬೇಸಿಗೆಯಲ್ಲಿ ಬ್ಯಾಟರಿ ಹತ್ತಿಕೊಂಡರೆ ಏನು ಗತಿ ಎಂದು ಹೆದರಿಸಿದೆ. ಅವಳು ನಕ್ಕಳು. "ನಿಮ್ಮ ಕಾರಲ್ಲಿ ಇರೋದು ಎಳನೀರಾ ಮೇಡಮ್?"

ಮೊದಲ ಟ್ರಿಪ್ ಮುಳಬಾಗಿಲಿನಾಚೆ ಬೈರಕೂರಿನ ನಾರಾಯಣಪ್ಪನವರಿಗೆ. ಹನ್ನೆರಡು ತಟ್ಟೆ. ಮಾರನೆಯ ಬೆಳಿಗ್ಗೆ ನಾರಾಯಣಪ್ಪ ಫೋನಿನಲ್ಲಿ ಕೂಗಾಡಿದರು. "ಮೇಡಮ್ನೋರೆ, ಪುರುಗು ಎಲ್ಲಾ ಹಸಿರು ನೀರು ಕಕ್ತಾವೆ! ಕರೆಂಟ್ ಕಾರಾಗೆ ತಂದ್ರಲ್ಲ, ಹುಳಕ್ಕೆ ಶಾಕ್ ಹೊಡ್ದೈತೆ!" ತೆಲುಗು ಬೆರೆತ ಆ ಗಡಿ ಸೀಮೆಯ ಮಾತಿನಲ್ಲಿ ಪುರುಗು ಎಂದರೆ ಹುಳು.

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಹುಳುವನ್ನು ಕಣ್ಣಿನಿಂದ ನೋಡುವ ಮೊದಲೇ ಸುಮಾಗೆ ಫೋನ್ ಮಾಡಿ, "ನಾನು ಬಡ್ಕೊಂಡೆ, ಕೇಳ್ಲಿಲ್ಲ. ಮೊದಲು ಆ ಕಾರು ಮಾರು" ಎಂದುಬಿಟ್ಟೆ. ಮಧ್ಯಾಹ್ನದೊಳಗೆ ಸುದ್ದಿ ವಾಟ್ಸಾಪ್ ಹತ್ತಿತು. ಬೈರಕೂರಿನ ಕಡೆಯ ಇನ್ನೂ ಐದು ಜನ ರೈತರು ತಮಗೆ ಆ ಕೇಂದ್ರದ ಹುಳು ಬೇಡವೆಂದರು. ಅವರಿಗಾಗಿ ಸಾಕುತ್ತಿದ್ದ ಇಪ್ಪತ್ತು ತಟ್ಟೆ ಹುಳು ಇನ್ನು ನಾಲ್ಕು ದಿನಕ್ಕೆ ಎರಡನೇ ಜ್ವರಕ್ಕೆ ಬರಲಿತ್ತು. ಹುಳು ಯಾರಿಗಾಗಿಯೂ ಕಾಯುವುದಿಲ್ಲ. ಕೊಳ್ಳುವವರಿಲ್ಲದಿದ್ದರೆ ಅವನ್ನು ಗುಂಡಿಗೆ ಸುರಿಯಬೇಕು, ಜೊತೆಗೆ ಆ ಇಬ್ಬರು ಹೆಂಗಸರ ಹೆಸರನ್ನೂ.

ಅಂದೇ ಬೈರಕೂರಿಗೆ ಹೋದೆ. ನಾರಾಯಣಪ್ಪ ತಟ್ಟೆಗಳನ್ನು ಕಾರಿನಲ್ಲಿ ಬಂದ ಹಾಗೇ ಒಂದರ ಮೇಲೊಂದು ಎರಡು ಸಾಲಾಗಿ ಇಟ್ಟಿದ್ದರು. ಸಾಲಿಗೆ ಆರು. ತಲೆಯಾಡಿಸುತ್ತ ಕಕ್ಕುತ್ತಿದ್ದ ಹುಳು ಎರಡೂ ಸಾಲಿನ ಮೇಲಿನ ಎರಡೆರಡು ತಟ್ಟೆಯಲ್ಲಿ ಮಾತ್ರ. ಕೆಳಗಿನ ಎಂಟೂ ತಟ್ಟೆ ಚೆನ್ನಾಗಿದ್ದವು! ಎಲ್ಲಾ ಹುಳು ಎಂದು ಅವರು ಗಾಬರಿಯಲ್ಲಿ ಹೇಳಿದ್ದರು, ನಾನು ಗಾಬರಿಯಲ್ಲಿ ನಂಬಿದ್ದೆ.

ಬ್ಯಾಟರಿ ಇರುವುದು ನೆಲದಡಿಯಲ್ಲಿ. ಬ್ಯಾಟರಿಯೇ ಕೊಲ್ಲುವುದಾದರೆ ಕೆಳಗಿನ ತಟ್ಟೆ ಮೊದಲು ಸಾಯಬೇಕಲ್ಲವೇ? ಕೇಡು ಬಂದಿದ್ದು ಮೇಲಿನಿಂದ. ಕನ್ನಡಕ ಏರಿಸಿ ಮೇಲಿನ ತಟ್ಟೆಯ ಸೊಪ್ಪನ್ನು ಎಲೆಯೆಲೆಯಾಗಿ ಸರಿಸಿದೆ. ಅಂಚಿನಲ್ಲಿ ಒಂದು ಕಿತ್ತಳೆ ಬಣ್ಣದ ಎಸಳು ಸಿಕ್ಕಿತು.

"ಇದು ಬಂತಿಪೂವು ಕಣಮ್ಮ" ಎಂದರು ನಾರಾಯಣಪ್ಪ. ತೆಲುಗಿನ ಬಂತಿಪೂವು ಎಂದರೆ ಚೆಂಡುಹೂವು.

ಸುಮಾಗೆ ಫೋನ್ ಹಚ್ಚಿದೆ. "ಕಾರಿಗೆ ಪೂಜೆ ಮಾಡಿದ್ರಾ?"

"ಮಾಡ್ದೆ ಇರ್ತೀವಾ ಮೇಡಮ್? ಮೊದಲ್ನೇ ಲೋಡು. ಅತ್ತೆ ಮೂರು ಮಾರು ಚೆಂಡುವ್ವ ತಗೊಂಬಂದು ಒಳಗೆಲ್ಲ ಕಟ್ಟಿದ್ರು. ಬಾಡ್ಬಾರ್ದು ಅಂತ ನೀರೂ ಚಿಮುಕ್ಸಿದ್ರು."

"ಹೂವು ಎಲ್ಲಿಂದು?"

"ಪಕ್ಕದ ತೋಟದ್ದು." ಹೇಳುತ್ತಲೇ ಅವಳ ದನಿ ಕುಸಿಯಿತು. "ಅಯ್ಯೋ ಮೇಡಮ್, ತೋಟದವ್ರು ಹಿಂದಿನ ದಿನ ಸಾಯಂಕಾಲ ಔಷಧಿ ಹೊಡ್ದಿದ್ರು."

ಔಷಧಿ ಹೊಡೆದ ಹೂವಿನ ನೀರು ಮೇಲಿನ ತಟ್ಟೆಗಳಿಗೆ ತೊಟ್ಟಿಕ್ಕಿತ್ತು. ಕಿಟಕಿ ಮುಚ್ಚಿ ಎ.ಸಿ. ಹಾಕಿದ್ದರಿಂದ ಅದರ ಗಾಳಿಯೂ ಒಳಗೇ ಸುತ್ತಿತ್ತು. ಹುಳು ಮನೆಗೆ ನನ್ನ ಮಲ್ಲಿಗೆಯನ್ನೂ ಬಿಡದ ಲಕ್ಷ್ಮಮ್ಮ, ಅದೇ ಹುಳು ಕೂತ ಕಾರಿಗೆ ತಾವೇ ಕೈಯಾರೆ ಚೆಂಡುಹೂವು ಕಟ್ಟಿದ್ದರು. ಅವರ ಲೆಕ್ಕದಲ್ಲಿ ಹುಳು ಮನೆ ಹುಳು ಮನೆಯೇ, ಗಾಡಿ ಗಾಡಿಯೇ. ವಿಷಯ ತಿಳಿದು ಆ ತಾಯಿ ಆ ದಿನ ಊಟ ಮುಟ್ಟಲಿಲ್ಲವಂತೆ.

ಕಾರಣ ಸಿಕ್ಕಿದರೂ ಆ ಐದು ಜನ ರೈತರು ಒಪ್ಪಲಿಲ್ಲ. ಕೊನೆಗೆ ನಾನೇ ಒಂದು ಪರೀಕ್ಷೆಗೆ ಒಪ್ಪಿಸಿದೆ. ಇಪ್ಪತ್ತರಲ್ಲಿ ಹತ್ತು ತಟ್ಟೆ ಎಲೆಕ್ಟ್ರಿಕ್ ಕಾರಿನಲ್ಲಿ, ಹತ್ತು ಹಳೆಯ ಪೆಟ್ರೋಲ್ ವ್ಯಾನಿನಲ್ಲಿ. ಎರಡರಲ್ಲೂ ಥರ್ಮಾಮೀಟರ್. ರೈತರ ಪರವಾಗಿ ನಾರಾಯಣಪ್ಪ ವ್ಯಾನಿನಲ್ಲಿ ಕೂತರು, ನಾನು ಸುಮಾ ಪಕ್ಕದಲ್ಲಿ. ಹೂವಿಲ್ಲ, ಊದುಬತ್ತಿಯಿಲ್ಲ. ನಾಲ್ಕನೆಯ ದಿನ ಬೆಳಗಿನ ಆರಕ್ಕೆ ಮಾಸ್ತಿ ಬಿಟ್ಟೆವು.

ಮಾಲೂರು ದಾಟಿ ಕೋಲಾರದವರೆಗೂ ಎರಡೂ ಸಮಸಮ. ಮುಳಬಾಗಿಲು ರಸ್ತೆಯಲ್ಲಿ ಟೊಮೆಟೊ ಲಾರಿಯೊಂದು ಮಗುಚಿ ದಾರಿ ಬಂದ್ ಆಗಿತ್ತು. ಮುಂದೆಯೂ ಲಾರಿ, ಹಿಂದೆಯೂ ಲಾರಿ, ರಸ್ತೆ ತುಂಬ ಟೊಮೆಟೊ ರಸ. ಬಿಸಿಲು ಏರಿತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ವ್ಯಾನಿನೊಳಗೆ 33 ಡಿಗ್ರಿ. ನಮ್ಮ ಕಾರಿನೊಳಗೆ 26. ಸದ್ದಿಲ್ಲ, ಹೊಗೆಯಿಲ್ಲ, ನಿಂತಲ್ಲೇ ತಂಪು. ನಾನು ಥರ್ಮಾಮೀಟರನ್ನು ಎರಡು ಸಲ ಒರೆಸಿ ನೋಡಿದೆ!

ನಾರಾಯಣಪ್ಪ ವ್ಯಾನಿನಿಂದ ಇಳಿದು ಬಂದು ನಮ್ಮ ಬಾಗಿಲು ತೆಗೆದರು. ಒಳಗೆ ಕೈ ಚಾಚಿ ತಟ್ಟೆಗಳ ಮೇಲೆ ಆಡಿಸಿದರು. ತಿರುಗಿ ವ್ಯಾನಿನ ಡ್ರೈವರಿಗೆ ಕೂಗಿದರು. "ಲೇ, ತಟ್ಟೆ ಇಳ್ಸೋ! ಎಲ್ಲಾ ಈ ಕಾರಿಗೇ ಹಾಕು!"

"ಪರೀಕ್ಷೆ ಏನಾಯ್ತು ನಾರಾಯಣಪ್ಪ?" ಎಂದೆ.

"ಪರೀಕ್ಷೆ ಹಾಳಾಗ್ಲಿ ಮೇಡಮ್ನೋರೆ, ಪುರುಗು ಬೇಯ್ತಾ ಐತೆ!"

ಜಾಗ ಸಾಲುತ್ತದೆಯೇ ಎಂಬ ಭಯ ನನಗೆ. ಎರಡು ಸಾಲನ್ನೂ ಒಂಬತ್ತೊಂಬತ್ತಕ್ಕೆ ಏರಿಸಿದೆವು, ಹದಿನೆಂಟು ಕೂತವು. ಉಳಿದ ಎರಡು ತಟ್ಟೆ ಹಿಡಿದು ಸುಮಾ ನನ್ನ ಮುಖ ನೋಡಿದಳು. ನಾನು ಸೀಟು ಖಾಲಿ ಮಾಡಿದೆ. ಪೆಟ್ರೋಲ್ ಕಾರಿನ ಪರ ಅಷ್ಟು ವಾದಿಸಿದ್ದವಳು ಮುಂದಿನ ದಾರಿಯನ್ನೆಲ್ಲ ವ್ಯಾನಿನ ಇಂಜಿನ್ ಮೇಲಿನ ಸೀಟಿನಲ್ಲಿ ಬೆವರು ಒರೆಸುತ್ತ ಕಳೆದೆ. ಆದರೂ ಅಂಥ ಖುಷಿಯ ಪ್ರಯಾಣ ನನ್ನ ಸೇವೆಯಲ್ಲಿ ಇನ್ನೊಂದಿಲ್ಲ. ಬೈರಕೂರು ತಲುಪಿದಾಗ ಸುಮಾಳ ಬ್ಯಾಟರಿಯಲ್ಲಿ ನೂರಕ್ಕೆ ಐವತ್ತೆಂಟು ಉಳಿದಿತ್ತು.

ಮಾರನೆಯ ದಿನ ಇಪ್ಪತ್ತೂ ತಟ್ಟೆಯ ಹುಳು ಜ್ವರದಿಂದ ಎದ್ದು ಸೊಪ್ಪಿಗೆ ಬಿದ್ದವು. ನಾರಾಯಣಪ್ಪ ಲಕ್ಷ್ಮಮ್ಮನಿಗೇ ಫೋನ್ ಮಾಡಿದರಂತೆ. "ಅಕ್ಕಾ, ಮುಂದಿನ ಸಲಾನೂ ಕರೆಂಟ್ ಕಾರಾಗೇ ಕಳ್ಸು. ಪೂಜೆ ನಾವೇ ಮಾಡ್ಕೊಂತೀವಿ, ಹುಳ ಇಳ್ಸಿದ್ಮೇಲೆ."

ಎಲೆಕ್ಟ್ರಿಕ್ ಕಾರು ಎಲ್ಲರಿಗೂ ಸರಿ ಎಂದು ನಾನು ಹೇಳುವುದಿಲ್ಲ. ತಿಂಗಳಿಗೆ ನಾಲ್ಕು ಸಲ ಕಾರು ತೆಗೆಯುವ ನನ್ನಂಥವಳಿಗೆ ಹಳೆಯ ಪೆಟ್ರೋಲ್ ಕಾರೇ ಸಾಕು. ಆದರೆ ಆ ಕೇಸಿನಿಂದ ನಾನು ಕಲಿತದ್ದು ಕಾರಿನ ವಿಷಯವಲ್ಲ. ಮೂವತ್ತಮೂರು ವರ್ಷ ರೈತರಿಗೆ, ಹುಳು ಸತ್ತರೆ ಮೊದಲು ಯಾವ ತಟ್ಟೆಯದು ಎಂದು ನೋಡಿ ಎಂದು ಪಾಠ ಹೇಳಿದವಳು ನಾನು. ಹೊಸ ಗಾಡಿ ಎಂದ ಕೂಡಲೇ ನೋಡುವುದನ್ನೇ ಮರೆತು ತೀರ್ಪು ಕೊಟ್ಟಿದ್ದೆ. ಮಾಸ್ತಿಗೆ ಹೋಗಿ ಸುಮಾಳ ಕ್ಷಮೆ ಕೇಳಿದೆ. ಅವಳು ನಾಚಿ, "ಬಿಡಿ ಮೇಡಮ್" ಎಂದಳು. ಬಿಡಲಾಗಲಿಲ್ಲ. ಆಮೇಲಿನ ಹದಿನಾಲ್ಕು ತಿಂಗಳು, ತಟ್ಟೆ ಎಣಿಸದೆ ನಾನು ಯಾರ ಮೇಲೂ ಒಂದು ಸಾಲು ವರದಿ ಬರೆಯಲಿಲ್ಲ.