ಸಾಲೋಟಗಿಯ ವಾಚ್‌ಮನ್

ಕರೆಂಟ್ ಇರಲಿಲ್ಲವೆಂದೇ ನಾವು ಅವತ್ತು ಸಿನಿಮಾಕ್ಕೆ ಹೋದದ್ದು. ಮೋರಟಗಿಯಲ್ಲಿ ನಮ್ಮ ಮನೆಯವರದು ಪಂಪ್‌ಸೆಟ್ ಮೋಟರ್ ರಿಪೇರಿಯ ಅಂಗಡಿ. ಲೈನ್ ದುರಸ್ತಿಗೆಂದು ಸಂಜೆಯವರೆಗೆ ಕರೆಂಟ್ ತೆಗೆದಿದ್ದರು.

"ಸುಮ್ನ ಕುಂತು ನೊಣಾ ಹೊಡಿಯೂದಕ್ಕಿಂತ ಸಿಂದಗಿಗೆ ಹೋಗಿ ಒಂದೀಟು ನಕ್ಕು ಬರೂಣು ನಡಿ" ಎಂದರು ನಮ್ಮವರು.

ಪಕ್ಕದ ಅಂಗಡಿಯ ಟೇಲರ್ ಕಾಕಾನ ಮಷೀನು ಕಾಲಲ್ಲಿ ತುಳಿಯುವಂಥದು. ಅವರಿಗೆ ಕರೆಂಟಿನ ನೆಪವೂ ಇರಲಿಲ್ಲ. ಆದರೂ ಬಾಗಿಲು ಎಳೆದುಕೊಂಡು ನಮಗಿಂತ ಮೊದಲೇ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದರು.

ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತೇವೆ ಎಂದು ಪೋಸ್ಟರಿನಲ್ಲಿ ಬರೆದಿತ್ತು. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿಗೆ ನಮ್ಮ ಕಡೆಯವನೊಬ್ಬ ವಾಚ್‌ಮನ್ ಆಗಿ ಬರುತ್ತಾನೆ. ತಲೆಯ ಮೇಲೆ ಕಲ್ಲಂಗಡಿಯಷ್ಟು ದೊಡ್ಡ ರುಮಾಲು, ಕಿವಿಯವರೆಗೆ ಮೀಸೆ. ಮೂರು ಹೊತ್ತೂ ರೊಟ್ಟಿಯ ಗುಡ್ಡೆ ಮುಂದಿಟ್ಟುಕೊಂಡು ಬುಟ್ಟಿಗಟ್ಟಲೆ ಮೆಣಸಿನಕಾಯಿ ಕಡಿಯುತ್ತಾನೆ. ಲಿಫ್ಟ್ ಕಂಡರೆ ಕೊಡಲಿ ಎತ್ತುತ್ತಾನೆ. ಉಳಿದ ಹೊತ್ತು ಗೇಟಿನ ಹತ್ತಿರ ಗೊರಕೆ ಹೊಡೆಯುತ್ತಾನೆ. ಯಾರೇನು ಕೇಳಿದರೂ ಕೊನೆಗೊಂದು "ಐತಿ" ಸೇರಿಸಿ ಕಿರುಚುತ್ತಾನೆ.

ನಮ್ಮವರಿಗೆ ತಡೆಯಲಾಗಲಿಲ್ಲ. ಕತ್ತಲಲ್ಲೇ ಪರದೆಗೆ ಹೇಳಿದರು, "ತಮ್ಮಾ, ನೀ ನಮ್ಮೂರಾಗ ಹಿಂಗ ಮಾತಾಡಿದ್ರ ಎಮ್ಮಿ ಸೈತ ಹೊಳ್ಳಿ ನೋಡಂಗಿಲ್ಲ."

ಅವತ್ತು ಥಿಯೇಟರಿನಲ್ಲಿ ಮೊದಲ ಸಲ ಜನ ನಕ್ಕದ್ದು ಆ ಮಾತಿಗೆ.

ಆಮೇಲೆ ಪರದೆಯ ಮೇಲೆ ಮಟನ್ ಅಂಗಡಿಯ ಸಾಬ ಬಂದ. ಕಣ್ಣಿಗೆ ಸುರ್ಮಾ, ಹಸಿರು ಲುಂಗಿ, ಮುರುಕು ಕನ್ನಡ. ನಾವಿಬ್ಬರೂ ಕಾಕಾನ ಕಡೆ ನೋಡಿದೆವು. ಕಾಕಾ ಬಹಳ ಹೊತ್ತು ಗಮನವಿಟ್ಟು ನೋಡಿ, "ಅಂವಗ ಅಂಗಿ ಹೊಲದಾಂವ ಯಾರ್ರೀ? ಒಂದು ತೋಳು ಗಿಡ್ಡ ಐತಿ" ಎಂದರು. ಆಮೇಲೆ, "ಸುರ್ಮಾ ನಾ ರಮಜಾನ ಹಬ್ಬಕ್ಕ ಸೈತ ಹಚ್ಚಂಗಿಲ್ಲ. ಕಣ್ಣು ಉರೀತಾವ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಬಸ್ಸಿನಲ್ಲಿ ಬರುವಾಗ ಮೂವರೂ ಸಿನಿಮಾವನ್ನು ಚೆನ್ನಾಗಿ ಬೈದೆವು. ಆದರೆ ಬೈದು ಬಿಟ್ಟುಬಿಡುವ ಹಾಗಿರಲಿಲ್ಲ. ಮನೆಯಲ್ಲಿ ಅತ್ತೆ ಕಾಯುತ್ತಿದ್ದರು. ಅವರಿಗೆ ಮೊಳಕಾಲು ನೋವು, ಸಿನಿಮಾಕ್ಕೆ ಬರಲಾಗುತ್ತಿರಲಿಲ್ಲ. ಟಿವಿಯಲ್ಲಿ ಎಲ್ಲರೂ ಗಡಿಬಿಡಿಯಲ್ಲಿ ಮಾತಾಡುತ್ತಾರೆಂದು ಅದನ್ನೂ ನೋಡುತ್ತಿರಲಿಲ್ಲ. ಹಾಗಾಗಿ ಸಿನಿಮಾಕ್ಕೆ ಹೋಗಿ ಬಂದ ಮಗ ತಾಯಿಗೆ ಪೂರ್ತಿ ಕಥೆ ಹೇಳಬೇಕು, ಹೇಳುತ್ತಾ ಕೈಯಲ್ಲಿ ಏನಾದರೂ ಕೆಲಸವನ್ನೂ ಮಾಡಬೇಕು. ನಾನು ಮದುವೆಯಾಗಿ ಬರುವ ಮೊದಲಿನಿಂದಲೂ ಇದು ಆ ಮನೆಯ ಪದ್ಧತಿ.

ಅವತ್ತಿನ ಕೆಲಸ ಚಟ್ನಿಗೆ ಶೇಂಗಾ ಸುಲಿಯುವುದು. ನಾನು ಒಳಗೆ ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದೆ.

"ಯವ್ವಾ, ಸಾಲೋಟಗಿ ಹುಡುಗ ಒಬ್ಬ ಬೆಂಗಳೂರಾಗ ವಾಚ್‌ಮನ್ ಇರ್ತಾನ" ಎಂದು ಶುರುವಾಯಿತು.

ನನ್ನ ಕೈ ನಿಂತಿತು. ಸಿನಿಮಾದಲ್ಲಿ ಊರಿನ ಹೆಸರೇ ಇರಲಿಲ್ಲ. ಇವರ ವಾಚ್‌ಮನ್‌ಗೆ ರುಮಾಲೂ ಇರಲಿಲ್ಲ, ಕೊಡಲಿಯೂ ಇರಲಿಲ್ಲ. ಮನೆಯ ಹಿತ್ತಲಲ್ಲಿ ಎರಡು ನಿಂಬೆಗಿಡ ಬಿಟ್ಟು ಬಂದಿದ್ದ. ಜೊತೆಯವನ ಹೆಂಡತಿ ಹೆರಿಗೆಗೆ ಹೋಗಿದ್ದಳು, ಅವನ ಪಾಳಿಯನ್ನೂ ಇವನೇ ಮಾಡುತ್ತಿದ್ದ. ಅದಕ್ಕೇ ಗೇಟಿನ ಹತ್ತಿರ ಕಣ್ಣು ಹತ್ತುತ್ತಿತ್ತು. ರೊಟ್ಟಿಯ ಗುಡ್ಡೆ ಅವನೊಬ್ಬನದಲ್ಲ. ಊರಿಂದ ತಂದು ಓಣಿಯ ವಾಚ್‌ಮನ್‌ಗಳಿಗೆಲ್ಲ ಹಂಚುತ್ತಿದ್ದ.

"ಕಟಕ ರೊಟ್ಟಿ ಇದ್ವೊ, ಮೆತ್ತಗಿದ್ವೊ?" ಅತ್ತೆ ಕೇಳಿದರು.

"ಕಟಕ. ಬಸ್ಸಿನಾಗ ಅರ್ಧ ಮುರದಿದ್ವು."

"ಅರವ್ಯಾಗ ಕಟಗೊಂಡು ಹೋಗಬೇಕಿತ್ತು. ಅವ್ವ ಹೇಳಿಲ್ಲೇನು ಅವಂಗ?"

"ಹೇಳ್ಯಾಳ. ಕೇಳ್ಯಾನೇನು?"

ಮಟನ್ ಅಂಗಡಿಯ ಸಾಬ ಇವರ ಬಾಯಲ್ಲಿ ಟೇಲರ್ ಆಗಿದ್ದ, ಅವನ ಕನ್ನಡವೂ ಸರಿಯಾಗಿತ್ತು. ಕಥೆ ಕೇಳಲು ಕಟ್ಟೆಯ ಮೇಲೆ ಕುಳಿತಿದ್ದ ಕಾಕಾ, "ಅಂಗಿ ತೋಳು?" ಎಂದರು. "ಎರಡೂ ಸಮ" ಎಂದು ಉತ್ತರ ಬಂತು.

ಕಥೆ ನಡೆಯಿತು. ಮೇಲಿನ ಮನೆಯೊಂದರಲ್ಲಿ ಬಂಗಾರದ ಸರ ಕಳೆಯಿತು. ಎಲ್ಲರೂ ವಾಚ್‌ಮನ್‌ನ ಮೇಲೆ ಬೊಟ್ಟು ಮಾಡಿ ಅವನನ್ನು ಮೀಟರ್ ಕೋಣೆಯಲ್ಲಿ ಕೂಡಿಹಾಕಿದರು. ಅಷ್ಟರಲ್ಲಿ ಬಲ್ಬು ಹತ್ತಿತು. ಇವರು ತೊಡೆಯ ಮೇಲಿನ ಸಿಪ್ಪೆ ಜಾಡಿಸಿ ಎದ್ದರು.

"ಇಂಟರ್ವಲ್, ಯವ್ವಾ. ಮೋಟರ್ ಒಯ್ಯಾಕ ಮುಂಜಾನೆ ರೈತರು ಬರ್ತಾರ. ಚಾಲೂ ಮಾಡಿ ನೋಡಬೇಕು."

"ಬಿಡ್ತಾರೇನೋ ಅವನ್ನ?"

"ನಾಳೆ ಹೇಳ್ತೇನಿ."

ಮರುದಿನ ಸ್ನಾನ ಮಾಡಿ ಬಂದು, ಅಂಗಿಯ ಗುಂಡಿ ಹಾಕುತ್ತಿದ್ದವರು ಮಂಚದ ಮೇಲೆ ಕುಳಿತರು. ಎದೆ ಹಿಡಿದ ಹಾಗಾಗುತ್ತಿದೆ ಎಂದರು. ಸಿಂದಗಿಯ ಆಸ್ಪತ್ರೆ ಮುಟ್ಟುವ ಮೊದಲೇ, ದಾರಿಯಲ್ಲಿ ಟೇಲರ್ ಕಾಕಾನ ತೊಡೆಯ ಮೇಲೆ ತಲೆಯಿಟ್ಟುಕೊಂಡು ಹೋಗಿಬಿಟ್ಟರು.

ಮಾಡಬೇಕಾದ ಕಾರ್ಯಗಳು ಮುಗಿದವು. ಬಂದು ಹೋಗುವವರೂ ಕಡಿಮೆಯಾದರು. ಒಂದು ಸಂಜೆ ಅತ್ತೆಯೂ ನಾನೂ ಕಾಳು ಹಸನು ಮಾಡುತ್ತಾ ಕುಳಿತಿದ್ದೆವು. ಅವರು ಮೊರದಿಂದ ತಲೆ ಎತ್ತದೆ ಕೇಳಿದರು, "ಆ ಹುಡುಗನ್ನ ಬಿಟ್ಟರೇನವ್ವಾ?"

ಯಾವ ಹುಡುಗ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ, ನೋಡಿದ್ದನ್ನು ನೋಡಿದ ಹಾಗೇ ಹೇಳಿದೆ. ಸರವನ್ನು ನಾಯಿ ನುಂಗಿತ್ತು. ವಾಚ್‌ಮನ್ ನಾಯಿಯ ಹಿಂದೆ ಓಡಿ ನೀರಿನ ಟಾಕಿಯಲ್ಲಿ ಬಿದ್ದ. ಆಮೇಲೆ ಸೀರೆ ಉಟ್ಟು ಕುಣಿದ, ಎಲ್ಲರೂ ನಕ್ಕರು.

ಅತ್ತೆ ಮೊರ ಕೆಳಗಿಟ್ಟರು. "ಅಂವ ಹಂಗ ಮಾಡೂ ಹುಡುಗ ಅಲ್ಲ. ನೀ ಬ್ಯಾರೆ ಪಿಚ್ಚರ್ ಹೇಳಾಕತ್ತಿ."

ಅದೇ ಸಿನಿಮಾ ಟಿವಿಗೆ ಬರುತ್ತದೆಂಬ ಸುದ್ದಿಯನ್ನು ಕೆಲವು ತಿಂಗಳ ಮೇಲೆ ಕಾಕಾ ತಂದರು. ಭಾನುವಾರ ಅತ್ತೆ ತಾವಾಗಿಯೇ ಟಿವಿಯ ಮುಂದೆ ಕುಳಿತರು. ಕೊಡಲಿ ಹಿಡಿದವನು ಬಂದಾಗ, "ಇಂವ ಯಾರು?" ಎಂದರು. ವಾಚ್‌ಮನ್ ಎಂದೆ. "ಇಂವ ಇರಲಿ. ನಮ್ಮ ಹುಡುಗ ಯಾವಾಗ ಬರ್ತಾನ?"

ಕಾಕಾ ಗೋಡೆಯ ಕಡೆ ಮುಖ ತಿರುಗಿಸಿದರು. ಅತ್ತೆ ಕಡೆಯವರೆಗೂ ನೋಡಿದರು. ಜಾಹೀರಾತು ಬಂದಾಗಲೂ ಕಣ್ಣು ತೆಗೆಯಲಿಲ್ಲ. ಮುಗಿದ ಮೇಲೆ, "ಬರಲಿಲ್ಲಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ರಾತ್ರಿ ಉಣ್ಣುವಾಗ ನಿನ್ನ ಮುಂದೇನರ ಹೇಳಿದ್ನೇನು, ಮುಂದಿಂದು?"

"ಇಲ್ರೀ ಅತ್ತಿ. ನನಗೂ ಹೇಳಿಲ್ಲ."

ಆಗಾಗ ನಾನೇ ಹೇಳಲು ಕೂರುತ್ತೇನೆ. ಸರ ಸಿಕ್ಕಿತು, ಬಾಗಿಲು ತೆಗೆದರು ಎಂದು ಶುರು ಮಾಡುತ್ತೇನೆ. ಯಾರು ತೆಗೆದರು, ಹೊರಗೆ ಬಂದವನು ಮೊದಲು ಏನಂದ ಎಂದು ಅತ್ತೆ ಕೇಳುತ್ತಾರೆ. ನಾನು ರೊಟ್ಟಿ ಬಡಿಯಲು ಏಳುತ್ತೇನೆ. ಕಾಕಾನೂ ಒಮ್ಮೆ ಪ್ರಯತ್ನಿಸಿದರು. ಅವರ ಕಥೆಯಲ್ಲಿ ಟೇಲರನೇ ಹೀರೋ ಆಗಿಬಿಟ್ಟ. ಅತ್ತೆ ಬಹಳ ದಿನದ ಮೇಲೆ ನಕ್ಕರು. ಆದರೆ ಅದನ್ನು ಒಪ್ಪಲಿಲ್ಲ.

ಅವನನ್ನು ಬಿಟ್ಟರೋ ಇಲ್ಲವೋ, ನಮಗಿನ್ನೂ ಗೊತ್ತಿಲ್ಲ.