ಬಿಸಿಲಿಗೆ ಕೊಟ್ಟ ಕುತ್ತಿಗೆ

ಒಂದು ಕಡೆ ಸುಮ್ಮನೆ ಕೂರುವುದು ನನಗೆ ಎಂದೂ ಆಗಿಬಂದದ್ದಲ್ಲ. ಬಸ್ಸಿಗೆ ಕಾಯುವಾಗಲೂ ಶತಪಥ ತುಳಿಯುವವಳು. ಅಂಥವಳಿಗೆ ಬಿಸಿಲಿನಲ್ಲಿ ಅಲ್ಲಾಡದೆ ಕೂರುವುದೇ ಔಷಧಿಯಾಯಿತು. ಎಂಬತ್ತರ ದಶಕದ ಮೊದಲ ವರ್ಷಗಳು. ಹಾಲ್ಕುರಿಕೆ ಕಡೆಯ ನಮ್ಮೂರಿನಲ್ಲಿ, ಕಾಲೇಜು ಬಿಡಿಸಿ ನನಗೆ ಗಂಡು ನೋಡುತ್ತಿದ್ದರು. ಆಗಲೇ ಎಡಗಿವಿಯ ಕೆಳಗೆ, ಕುತ್ತಿಗೆಯ ಮೇಲೆ, ಎಳೆ ವೀಳ್ಯದೆಲೆಯಗಲ ಬಿಳಿ ಮಚ್ಚೆ ಕಾಣಿಸಿಕೊಂಡಿತು. ತೊನ್ನು. ಆ ಮಾತನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ‘ಅದು’ ಎನ್ನುತ್ತಿದ್ದರು. ನೋಯುವುದಿಲ್ಲ, ಅಂಟುವುದಿಲ್ಲ. ಆದರೆ ಊರಿಗೆ ತಿಳಿದರೆ ನನಗೆ ಮದುವೆಯಿಲ್ಲ. ಅಮ್ಮ ದಿನಾ ಬೆಳಿಗ್ಗೆ ನನ್ನ ಜಡೆಯನ್ನು ಎಡಗಡೆಗೆ ಸಡಿಲವಾಗಿ ಇಳಿಸಿ, ಮಚ್ಚೆ ಮುಚ್ಚುವ ಹಾಗೆ ಹೆಣೆಯುತ್ತಿದ್ದಳು.

ಊರಿಗೆ ಗೊತ್ತಾಗದ ಹಾಗೆ ಅವಳೇ ನನ್ನನ್ನು ತಿಪಟೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಹೊರಗೆ ಬೆಂಚಿನ ಮೇಲೆ ಕಾಯುವಾಗ ಒಂದು ಹಳೆಯ ವಾರಪತ್ರಿಕೆ ತಿರುವಿ ಹಾಕುತ್ತಿದ್ದೆ. ಅದರಲ್ಲೊಂದು ಚಿತ್ರ. ಬಿಳಿ ಹೆಂಗಸೊಬ್ಬಳು ಪೆಟ್ಟಿಗೆಯಂಥ ಮಂಚದಲ್ಲಿ ಮಲಗಿದ್ದಾಳೆ, ಮೇಲೆ ಕೆಳಗೆಲ್ಲ ಟ್ಯೂಬ್‌ಲೈಟುಗಳು. ಮೈಬಣ್ಣ ಕಂದಾಗಲೆಂದು ಅಲ್ಲಿನವರು ದುಡ್ಡು ಕೊಟ್ಟು ಹೀಗೆ ಮಲಗುತ್ತಾರಂತೆ. ಚರ್ಮ ಸುಕ್ಕಾಗುತ್ತದೆ, ಹುಣ್ಣಾಗುತ್ತದೆ, ಕ್ಯಾನ್ಸರೂ ಬರಬಹುದು ಎಂದು ವೈದ್ಯರು ಹೇಳಿದರೂ ಕೇಳುವುದಿಲ್ಲವಂತೆ. ಅಮ್ಮನಿಗೆ ಓದಿ ಹೇಳಿದೆ.

“ಕರ್ರಗಾಗಾಕೆ ದುಡ್ಡು ಕೊಡ್ತಾರಾ?” ಅಮ್ಮ ಸೆರಗು ಬಾಯಿಗಿಟ್ಟು ನಕ್ಕಳು. “ನಮ್ಮ ರಾಗಿ ಹೊಲಕ್ಕೆ ಕಳೆ ಕೀಳಾಕೆ ಬರ್ಲಿ ಹೇಳು. ಪುಕ್ಸಟ್ಟೆ ಆಯ್ತದೆ.”

ನಾನೂ ನಕ್ಕೆ. ಆದರೆ ಆ ಹೆಂಗಸಿನ ಮೇಲೆ ಹೊಟ್ಟೆಕಿಚ್ಚಾಯಿತು. ಬೇಕೆಂದ ಬಣ್ಣ ಬೇಕೆಂದಾಗ ಬರುತ್ತದಲ್ಲ!

ಡಾಕ್ಟರು ಒಂದು ಸಣ್ಣ ಬಾಟಲಿ ಕೊಟ್ಟರು. “ಮಚ್ಚೆ ಮೇಲೆ ಮಾತ್ರ ಹಚ್ಚಿ, ಎಳೆಬಿಸಿಲಲ್ಲಿ ಸ್ವಲ್ಪ ಹೊತ್ತು ಕೂತ್ಕೊಳ್ಳಮ್ಮ. ಆಮೇಲೆ ತೊಳೆದು ನೆರಳಿಗೆ ಬಂದುಬಿಡಬೇಕು. ಹೆಚ್ಚಾದ್ರೆ ಸುಟ್ಟುಹೋಗುತ್ತೆ, ಅದೂ ತಕ್ಷಣ ಗೊತ್ತಾಗಲ್ಲ,” ಎಂದರು.

ಹುಟ್ಟಿದಾಗಿನಿಂದ ‘ಬಿಸಿಲಿಗೆ ಹೋಗಬೇಡ, ಕರ್ರಗಾಗ್ತೀಯ’ ಎಂದು ಗದರಿಸಿಕೊಂಡು ಬೆಳೆದವಳು ಈಗ ಕಳ್ಳಿಯ ಹಾಗೆ ಬಿಸಿಲು ಹುಡುಕಬೇಕಾಯಿತು. ತೋಟದ ತುಂಬ ತೆಂಗಿನ ನೆರಳು. ಗರಿಗಳ ಸಂದಿಯಿಂದ ಬಿದ್ದ ಬಿಸಿಲು ಕೂತಲ್ಲಿಂದ ಸರಿದುಹೋಗುತ್ತಿತ್ತು. ಮಣೆ ಎಳೆದುಕೊಂಡು ನಾನು ಅದರ ಹಿಂದೆಯೇ ಸರಿಯುತ್ತಿದ್ದೆ. ಕಣದಲ್ಲಿ ಬಟಾಬಯಲು ಬಿಸಿಲಿತ್ತು, ಆದರೆ ಪಕ್ಕದಲ್ಲೇ ದಾರಿ. ಕೊನೆಗೆ ಹಿತ್ತಿಲಲ್ಲಿ ತೆಂಗಿನ ಸಿಪ್ಪೆ ರಾಶಿಯ ಮರೆಯಲ್ಲೊಂದು ಜಾಗ ಸಿಕ್ಕಿತು. ಯಾರಾದರೂ ಬಂದರೆ ಹೇನು ನೋಡುತ್ತಿದ್ದೇವೆ ಅನ್ನೋಣವೆಂದು ಅಮ್ಮನೂ ಹಣಿಗೆ ಹಿಡಿದು ಜೊತೆಗೆ ಕೂರುತ್ತಿದ್ದಳು. ಬೆನ್ನಿಗೆ ಬಿಸಿಲು ಹಿತವಾಗಿರುತ್ತಿತ್ತು. ಏನೋ ಆಗುತ್ತಿದೆ, ಒಳಗಿನಿಂದ ಬಣ್ಣ ಏಳುತ್ತಿದೆ ಎಂದು ಆಸೆ. ಒಳಗೆ ಹೋದವಳೇ ಕನ್ನಡಿ ಹಿಡಿದು ನೋಡುತ್ತಿದ್ದೆ. ಏನೂ ಇಲ್ಲ. ಸಂಜೆ ಮತ್ತೆ ನೋಡುತ್ತಿದ್ದೆ. ಆಗಲೂ ಏನೂ ಇರುತ್ತಿರಲಿಲ್ಲ.

ಅಷ್ಟರಲ್ಲಿ ತುರುವೇಕೆರೆಯ ಕೊಬ್ಬರಿ ವ್ಯಾಪಾರದ ಮನೆಯವರು ಹೆಣ್ಣು ನೋಡಲು ಬರುತ್ತಾರೆಂದು ಸುದ್ದಿ ಬಂತು. ನನ್ನ ಕಾಲು ನೆಲದ ಮೇಲೆ ನಿಲ್ಲದಂತಾಯಿತು.

“ಆತುರಗಾರನಿಗೆ ಬುದ್ಧಿ ಮಟ್ಟ ಕಣೇ,” ಎಂದಳು ಅಮ್ಮ. “ಅಟ್ಟದ ಕಾಯಿ ನೋಡು, ಆತುರ ಪಡ್ತದಾ?”

ನಮ್ಮ ಕಡೆ ಉಂಡೆ ಕೊಬ್ಬರಿಯನ್ನು ಬಿಸಿಲಿಗೆ ಒಣಗಿಸುವುದಿಲ್ಲ. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ, ನೆರಳಿನಲ್ಲೇ ವರ್ಷ ತುಂಬುವವರೆಗೆ ಬಿಡುತ್ತಾರೆ. ನೀರು ತಾನಾಗಿ ಇಂಗಬೇಕು. ಆಗಿದೆಯೋ ಇಲ್ಲವೋ ನೋಡಲು ಮೊದಲು ಒಂದು ಕಾಯನ್ನು ಇಳಿಸಿ ಒಡೆಯುತ್ತಾರೆ. ಅದು ಹಸಿಯಿದ್ದರೆ ಮಿಕ್ಕವನ್ನು ಮುಟ್ಟುವುದಿಲ್ಲ. ಇದೆಲ್ಲ ನೋಡಿಕೊಂಡೇ ಬೆಳೆದ ನಾನು, ಮನೆಯವರೆಲ್ಲ ಸಂತೆಗೆ ಹೋದ ದಿನ ಬಾಟಲಿ ಬಗ್ಗಿಸಿ ಕುತ್ತಿಗೆಗೆ ದಂಡಿಯಾಗಿ ಬಳಿದುಕೊಂಡು, ನಡುಹಗಲ ಬಿಸಿಲಿಗೆ ಹೋಗಿ ಕೂತೆ. ಎದ್ದಾಗ ಸ್ವಲ್ಪ ಬೆಚ್ಚಗಿತ್ತು, ಅಷ್ಟೆ. ಡಾಕ್ಟರು ಸುಮ್ಮನೆ ಹೆದರಿಸಿದ್ದಾರೆ ಎಂದುಕೊಂಡೆ. ಮಾರನೆಯ ದಿನ ಕೆಂಪಾಯಿತು. ಅದರ ಮಾರನೆಯ ದಿನ ಕುತ್ತಿಗೆಯಿಂದ ಕೆನ್ನೆಯವರೆಗೆ ಬೊಬ್ಬೆ ಎದ್ದು, ನೀರು ತುಂಬಿಕೊಂಡು, ಕತ್ತು ತಿರುಗಿಸಲಾಗದೆ ಕಿರುಚಿಕೊಂಡೆ.

ಹುಡುಗಿಗೆ ಜ್ವರ ಎಂದು ತುರುವೇಕೆರೆಗೆ ಹೇಳಿ ಕಳಿಸಿದರು. ಅವರು ಆಮೇಲೂ ಬರಲಿಲ್ಲ. ಅಮ್ಮ ಬಾಟಲಿಯನ್ನು ಎಲ್ಲೋ ಬಚ್ಚಿಟ್ಟಳು.

ಗಾಯ ಮಾಗಿ ಸಿಪ್ಪೆ ಉದುರಿದ ಮೇಲೆ ಕನ್ನಡಿಯಲ್ಲಿ ನೋಡುತ್ತೇನೆ, ಬಿಳಿಯ ನಡುವೆ ರಾಗಿಕಾಳಿನಂಥ ಕಂದು ಚುಕ್ಕೆಗಳು! ಬಣ್ಣ ಬಂದಿದೆ! ಸುಟ್ಟಿದ್ದೆಲ್ಲ ಮರೆತೇಹೋಯಿತು. ಬಾಟಲಿ ಕೊಡು ಎಂದು ಅಮ್ಮನ ಹಿಂದೆ ಬಿದ್ದೆ. ಪತ್ರಿಕೆಯ ಆ ಹೆಂಗಸು ವೈದ್ಯರ ಮಾತನ್ನು ಯಾಕೆ ಕೇಳುವುದಿಲ್ಲ ಎಂಬುದು ನನಗೆ ಆವತ್ತು ಅರ್ಥವಾಯಿತು.

“ಸತ್ತರೂ ಕೊಡಾಕಿಲ್ಲ ಬುಡು,” ಎಂದಳು ಅಮ್ಮ.

“ನಿಂಗೇನು? ನೀನು ಹಾಲಿನಂಗೆ ಬೆಳ್ಳಗಿದ್ದೀಯ. ನನ್ನ ಸಂಕಟ ನಿಂಗೆಲ್ಲಿ ಗೊತ್ತಾಗ್ತದೆ?” ಎಂದುಬಿಟ್ಟೆ.

ಕೆಲವು ದಿನ ಕಳೆದ ಮೇಲೆ ಅವಳೇ ಬಾಟಲಿ ತಂದು ಮುಂದಿಟ್ಟಳು. “ಸಿಪ್ಪೆ ರಾಶಿ ನೆರಳು ಹಿತ್ಲು ಕಲ್ಲಿನ ತಾವ ಬರೋಗಂಟ ಕೂತ್ಕೊ. ಬಂತೋ, ಎದ್ಬುಡಬೇಕು. ಅದುಕ್ಕಿಂತ ಜಾಸ್ತಿ ಕೂತ್ರೆ ಸುಡ್ತದೆ.”

“ನಿಂಗೆ ಹೆಂಗೆ ಗೊತ್ತು?”

ಅವಳು ಒಲೆಯ ಕಡೆಗೆ ಹೋದಳು. ರೊಟ್ಟಿ ತಟ್ಟಲು ಸೆರಗು ಸಿಕ್ಕಿಸಿದಾಗ ಕಂಡಿತು. ಮೊಣಕೈ ಕೆಳಗೆ, ಆ ಬೆಳ್ಳನೆಯ ಕೈಮೇಲೆ, ಸಾಲಾಗಿ ಮೂರು ಗುರುತು. ಒಂದು ತೆಳ್ಳಗೆ ಕಂದು, ಒಂದು ಕಪ್ಪು, ಇನ್ನೊಂದು ಬೊಬ್ಬೆ ಒಡೆದ ಹಸಿ ಗಾಯ. ಔಷಧಿಯನ್ನು ತನ್ನ ಕೈಗೆ ಹಚ್ಚಿಕೊಂಡು, ಒಂದೊಂದು ಸಲ ಒಂದೊಂದು ಹೊತ್ತು ಕೂತು ಬಿಸಿಲನ್ನು ಪರೀಕ್ಷೆ ಮಾಡಿದ್ದಳು. ನನಗೆ ಅಳು ಬಂತು, ಸಿಟ್ಟೂ ಬಂತು. ಕೂಗಾಡಿದೆ.

“ಒಂದ್ ಕಾಯಿ ಒಡುದ್ ನೋಡ್ದಲೆ ಅಟ್ಟ ಇಳುಸ್ತಾರೇನೇ?” ಎಂದಳು ಅಮ್ಮ, ರೊಟ್ಟಿ ತಿರುವಿ ಹಾಕುತ್ತ.

ಅವಳು ಹೇಳಿದಷ್ಟೇ ಹೊತ್ತು ಕೂತೆ. ನನ್ನ ಚುಕ್ಕೆಗಳು ಹಾಗೇ ಉಳಿದವು, ಒಂದಕ್ಕೊಂದು ಕೂಡಲಿಲ್ಲ. ಅಮ್ಮನ ಕೈಯ ಕಪ್ಪು ಮಾತ್ರ ಹೋಗಲೇ ಇಲ್ಲ.

ಮುಂದಿನ ವರ್ಷ ಚಿಕ್ಕನಾಯಕನಹಳ್ಳಿ ಕಡೆಯಿಂದ ಇನ್ನೊಂದು ಸಂಬಂಧ ಬಂತು. ಜಡೆ ಇಳಿಬಿಟ್ಟುಕೊಂಡು ತಲೆತಗ್ಗಿಸಿ ಕೂತಿದ್ದೆ. ಅಮ್ಮ ಕುಂಕುಮ ಕೊಡುವಾಗ ಗಂಡಿನ ಅಜ್ಜಿ ಅವಳ ಕೈ ಹಿಡಿದು, ತಿರುಗಿಸಿ ನೋಡಿದರು. “ಏನವ್ವ ಇದು? ಏನಾರ ಕಾಯಿಲೆಯೇನವ್ವ ನಿಂಗೆ?”

ಅಮ್ಮ ಕೈ ಎಳೆದುಕೊಂಡು ಸೆರಗಿನೊಳಗೆ ಮುಚ್ಚಿದಳು. ಕೋಣೆಯಲ್ಲಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಜಡೆ ಎತ್ತಿ ಹಿಡಿದೆ.

“ಅಮ್ಮಂಗೇನೂ ಕಾಯಿಲೆ ಇಲ್ಲ ಕಣ್ರೀ. ಇರೋದು ನಂಗೆ, ನೋಡಿ.”

ಅವರು ಕಾಫಿ ಕುಡಿಯದೆ ಎದ್ದರು. ಬಸ್ಸಿನ ಹೊತ್ತಾಯಿತೆಂದರು. ಅಮ್ಮ ಸಂಜೆಯವರೆಗೆ ಬೈದಳು. ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎಂದಳು, ಬೈಯುತ್ತಲೇ ಅತ್ತಳು.

ಮಾರನೆಯ ಬೆಳಿಗ್ಗೆ ಎಂದಿನಂತೆ ಎಣ್ಣೆ ಹಚ್ಚಿ ತಲೆ ಬಾಚಿದಳು. ಕೂದಲನ್ನೆಲ್ಲ ಮೇಲಕ್ಕೆತ್ತಿ, ನೆತ್ತಿಯ ಹಿಂದೆ ಬಿಗಿಯಾಗಿ ಕಟ್ಟಿದಳು. ಕುತ್ತಿಗೆಗೆ ಗಾಳಿ ತಾಗಿತು.

“ಹೋಗು, ನೀರು ತಗೊಂಡು ಬಾ,” ಎಂದಳು. ಊರ ಬಾವಿಗೆ ಹೋದೆ.